ಹಿಮ ತೂರುವ ಯಂತ್ರವೂ ಮನೆಯೊಳಗಿನ ಗಾಳಿಯೂ

ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ವೈದ್ಯರು ಬರೆಯುವುದು ವಾಡಿಕೆ. ವಾಣಿಜ್ಯಶಾಸ್ತ್ರದ ಪದವೀಧರನೂ ಬ್ಯಾಂಕಿನ ಅಧಿಕಾರಿಯೂ ಆದ ನಾನು ಈ ವಿಭಾಗಕ್ಕೆ, ಅದರಲ್ಲಿಯೂ ಒಂದು ಇಂಜಿನಿನ ವಿಷಯವಾಗಿ, ಬರೆಯಹೊರಟಿರುವುದು ಓದುಗರಿಗೆ ವಿಚಿತ್ರವಾಗಿ ಕಂಡೀತು. ಹಿಮವೇ ಬೀಳದ ದೆಹಲಿಯಲ್ಲಿ ಕುಳಿತು ಹಿಮ ತೆಗೆಯುವ ಯಂತ್ರವನ್ನು ಕಾಯಿಸುವ ಬಗೆಯನ್ನು ಯಾರಿಗೆ ಹೇಳುತ್ತೀರಿ ಎಂದು ಸಂಪಾದಕ ಮಿತ್ರರೂ ಕೇಳಿದರು. ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು, ಒಡಹುಟ್ಟಿದವರು ಇಂದು ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಗನನ್ನು ನೋಡಲೆಂದೋ ಹೋದವರು ಅಲ್ಲಿಯ ಚಳಿಗಾಲವನ್ನೂ ಕಳೆದು ಬರುತ್ತಾರೆ. ಅಂಥವರ ಮನೆಗಳಲ್ಲಿ ಈ ಯಂತ್ರವಿದೆ. ಅದನ್ನು ಅರೆತಿಳಿವಿನಿಂದ ಕಾಯಿಸಹೋಗಿ ನನ್ನ ಸ್ವಂತ ಅಕ್ಕನನ್ನು ಅಪಾಯಕ್ಕೆ ಈಡುಮಾಡಿದವನು ನಾನು. ಆದುದರಿಂದ ಈ ವಿಷಯದಲ್ಲಿ ಬರೆಯಲು ನನಗೆ ಸ್ವಲ್ಪಮಟ್ಟಿನ ಅಧಿಕಾರ ಉಂಟೆಂದು ಭಾವಿಸುತ್ತೇನೆ.

ಅಕ್ಕ ಭಾವ ಇರುವುದು ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ. ಅಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣಮಾನವೇ ಸೊನ್ನೆಗಿಂತ 9 ಡಿಗ್ರಿ ಸೆಲ್ಸಿಯಸ್ ಕೆಳಗೆ. ವರ್ಷಕ್ಕೆ ಸಾಮಾನ್ಯವಾಗಿ 50 ಅಂಗುಲಕ್ಕೂ ಮೀರಿ ಹಿಮ ಬೀಳುತ್ತದೆ. 1991ರ ಅಕ್ಟೋಬರ್ ಕೊನೆಯಲ್ಲಿ ಆರಂಭವಾದ ಒಂದೇ ಬಿರುಗಾಳಿಯಲ್ಲಿ 28 ಅಂಗುಲಕ್ಕೂ ಹೆಚ್ಚು ಹಿಮ ಬಿದ್ದುದನ್ನು ಅಲ್ಲಿಯ ಹಿರಿಯರು ಈಗಲೂ ನೆನೆಯುತ್ತಾರೆ. ಹಿಮ ನಿಂತ 24 ಗಂಟೆಗಳೊಳಗೆ ತಮ್ಮ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ಚೊಕ್ಕಟಮಾಡಬೇಕೆಂಬುದು ನಗರಸಭೆಯ ನಿಯಮ. ಮಾಡದಿದ್ದರೆ ನಗರಸಭೆಯೇ ಮಾಡಿಸಿ ಖರ್ಚನ್ನು ಮನೆಯವರ ಲೆಕ್ಕಕ್ಕೆ ಹಾಕುತ್ತದೆ. ಭಾವನವರು ಮೊದಲು ಸಲಿಕೆಯಿಂದಲೇ ಈ ಕೆಲಸ ಮಾಡುತ್ತಿದ್ದರು. ಚಳಿಯಲ್ಲಿ ರಕ್ತನಾಳಗಳು ಸಂಕುಚಿಸಿರುತ್ತವೆ, ಆಗ ಹಠಾತ್ತನೆ ಭಾರ ಎತ್ತಿ ಎಸೆದರೆ ಹೃದಯಕ್ಕೆ ಮಿತಿಮೀರಿದ ಶ್ರಮವಾಗುತ್ತದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ, ಐವತ್ತೈದು ದಾಟಿದ ಅವರು ಸಲಿಕೆಯನ್ನು ಮೂಲೆಗಿಟ್ಟು ಯಂತ್ರವನ್ನು ಕೊಂಡರು. ಆರೋಗ್ಯಕ್ಕಾಗಿಯೇ ಮನೆಗೆ ಬಂದ ಯಂತ್ರವದು ಎಂಬುದನ್ನು ಓದುಗರು ಗಮನಿಸಬೇಕು.

ಇಂಗ್ಲಿಷಿನಲ್ಲಿ ಇದನ್ನು ಸ್ನೋ ಬ್ಲೋಯರ್ ಎನ್ನುತ್ತಾರೆ. ನಾನು ಇದನ್ನು ಹಿಮ ತೂರುವ ಯಂತ್ರವೆಂದು ಕರೆಯುತ್ತೇನೆ, ಏಕೆಂದರೆ ಅದು ಕೆಲಸ ಮಾಡುವುದನ್ನು ಮೊದಲ ಸಲ ಕಂಡಾಗ ನನಗೆ ನೆನಪಾದುದು ನಮ್ಮ ಕಡೆಯ ಕಣದಲ್ಲಿ ರಾಗಿ ತೂರುವ ದೃಶ್ಯ. ಕೈಗಾಡಿಯಂತೆ ಹಿಂದೆ ನಿಂತು ನಡೆಸುವ ಈ ಯಂತ್ರದ ಮುಂಭಾಗದಲ್ಲಿ ಸುರುಳಿಯಾಕಾರದ ಉಕ್ಕಿನ ಅಲಗುಗಳು ನಿಧಾನವಾಗಿ ತಿರುಗುತ್ತ ಹಿಮವನ್ನು ಕೊರೆದು ನಡುವಿಗೆ ತರುತ್ತವೆ. ಅವುಗಳ ಹಿಂದಿರುವ ಚಕ್ರವೊಂದು ವೇಗವಾಗಿ ತಿರುಗುತ್ತ ಆ ಹಿಮವನ್ನು ಸೊಂಡಿಲಿನಂಥ ಕೊಳವೆಯ ಮೂಲಕ ದೂರಕ್ಕೆ ಎಸೆಯುತ್ತದೆ. ಈ ಬಗೆಯ ಯಂತ್ರವನ್ನು ರಸ್ತೆಗೆ ತಂದವನು ಕೆನಡಾದ ಕ್ವಿಬೆಕ್ ಪ್ರಾಂತದ ಆರ್ತರ್ ಸಿಕಾರ್. ಹೊಲದಲ್ಲಿ ಒಕ್ಕಣೆ ಯಂತ್ರ ಕೆಲಸ ಮಾಡುವುದನ್ನು ಕಂಡೇ ಅವನಿಗೆ ಈ ಯೋಚನೆ ಬಂದಿತೆಂದು ಹೇಳುತ್ತಾರೆ. ಹಾಗಿದ್ದಲ್ಲಿ ನನ್ನ ಕಣದ ಹೋಲಿಕೆ ಅಷ್ಟೇನೂ ತಪ್ಪಲ್ಲ. 1925ರಲ್ಲಿ ಯಂತ್ರ ಸಿದ್ಧವಾಯಿತು. 1927ರಲ್ಲಿ ಮಾಂಟ್ರಿಯಲ್ ಪಕ್ಕದ ಉತ್ರಮೋಂ ಪಟ್ಟಣ ಮೊದಲನೆಯದನ್ನು ಕೊಂಡಿತು. ಅದು ಲಾರಿಯ ಮೇಲೆ ಕೂಡಿಸಿದ ದೈತ್ಯ ಯಂತ್ರ. ಮನೆಮಂದಿ ತಾವೇ ತಳ್ಳಿ ನಡೆಸುವ ಚಿಕ್ಕ ಯಂತ್ರಗಳು ಪೇಟೆಗೆ ಬಂದುದು 1950ರ ದಶಕದಲ್ಲಿ.

ಈಗ ಇಂಜಿನಿನ ವಿಷಯಕ್ಕೆ ಬರೋಣ. ಭಾವನವರ ಯಂತ್ರದ್ದು ಒಂದೇ ಸಿಲಿಂಡರಿನ, ಗಾಳಿಯಿಂದ ತಣಿಯುವ, ಪೆಟ್ರೋಲಿನ ಇಂಜಿನ್. ಹೆಚ್ಚುಕಡಿಮೆ ನಮ್ಮ ದೊಡ್ಡ ಮೋಟಾರ್ ಸೈಕಲ್ಲಿನ ಇಂಜಿನಿನಷ್ಟೇ ಗಾತ್ರ. ಇಂಥ ಇಂಜಿನನ್ನು ಕಡುಚಳಿಯಲ್ಲಿ ಚಾಲೂ ಮಾಡಿದ ಕೂಡಲೇ ಕೆಲಸಕ್ಕೆ ಹಚ್ಚಬಾರದು, ಕೆಲವು ನಿಮಿಷ ಕಾಯಲು ಬಿಡಬೇಕು ಎನ್ನುವುದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ಎಣ್ಣೆ. ದೆಹಲಿಯ ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆಯ ಸೀಸೆ ಕಲ್ಲಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಇಂಜಿನಿನ ಎಣ್ಣೆ ಹಾಗೆ ಹೆಪ್ಪುಗಟ್ಟದಿದ್ದರೂ ಸೊನ್ನೆಗಿಂತ 15-20 ಡಿಗ್ರಿ ಕೆಳಗೆ ಜೋನಿಬೆಲ್ಲದಂತೆ ಮಂದವಾಗುತ್ತದೆ. ಈ ಚಿಕ್ಕ ಇಂಜಿನುಗಳಲ್ಲಿ ಅನೇಕವಕ್ಕೆ ಎಣ್ಣೆಯನ್ನು ಮೇಲೆತ್ತುವ ಪಂಪು ಇರುವುದಿಲ್ಲ. ಪಿಸ್ಟನ್ನಿಗೆ ಕೂಡಿಸಿದ ದಂಡದ ತುದಿಯಲ್ಲಿ ಒಂದು ಸೌಟಿನಂಥ ಭಾಗವಿದ್ದು, ಪ್ರತಿ ಸುತ್ತಿನಲ್ಲಿಯೂ ಅದು ಕೆಳಗಿನ ಎಣ್ಣೆಯಲ್ಲಿ ಮುಳುಗಿ, ಎಣ್ಣೆಯನ್ನು ಎಲ್ಲ ಕಡೆಗೂ ಚಿಮ್ಮಿಸುತ್ತದೆ. ಎಣ್ಣೆ ಗಟ್ಟಿಯಾಗಿದ್ದರೆ ಚಿಮ್ಮುವುದು ಕಡಿಮೆ, ತಲುಪಬೇಕಾದೆಡೆಗೆ ತಲುಪುವುದು ನಿಧಾನ. ಅಷ್ಟರಲ್ಲಿ ಯಂತ್ರವನ್ನು ಎರಡಡಿ ಹಿಮದ ದಿಬ್ಬಕ್ಕೆ ನುಗ್ಗಿಸಿದರೆ ಲೋಹ ಲೋಹವನ್ನು ಉಜ್ಜಿ ಸವೆಯುತ್ತದೆ. ಚಳಿಗಾಲಕ್ಕೆಂದು 5 ಡಬ್ಲ್ಯು 30 ಎಂಬ ಗುರುತಿನ ಎಣ್ಣೆಯನ್ನು ಬಳಸಬೇಕೆಂದು ಕೈಪಿಡಿಗಳು ಹೇಳುವುದು ಇದೇ ಕಾರಣಕ್ಕೆ. ಆ ಡಬ್ಲ್ಯು ಎಂಬ ಅಕ್ಷರ ವಿಂಟರ್, ಅಂದರೆ ಚಳಿಗಾಲ, ಎಂಬುದರ ಗುರುತು. ಅದರ ಮುಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಸರಾಗವಾಗಿ ಹರಿಯುತ್ತದೆ. ಬೇಸಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ತಂದಿಟ್ಟ ಬರಿಯ 30ರ ಎಣ್ಣೆಯನ್ನು ಇದಕ್ಕೂ ಸುರಿಯುವುದು ತಪ್ಪು.

ಎರಡನೆಯದು ಪೆಟ್ರೋಲು. ಇಂಜಿನಿನೊಳಗೆ ಉರಿಯುವುದು ದ್ರವರೂಪದ ಪೆಟ್ರೋಲಲ್ಲ, ಅದರ ಆವಿ. ಕಡುಚಳಿಯಲ್ಲಿ ಪೆಟ್ರೋಲಿನ ಒಂದು ಅಂಶ ಮಾತ್ರ ಆವಿಯಾಗುತ್ತದೆ, ಉಳಿದುದು ಹನಿಹನಿಯಾಗಿ ತಣ್ಣನೆಯ ಲೋಹಕ್ಕೆ ಅಂಟಿಕೊಳ್ಳುತ್ತದೆ. ಆವಿ ಸಾಲದೆ ಕಿಡಿ ಹೊತ್ತದು. ಇದಕ್ಕೆ ಪರಿಹಾರವಾಗಿ ಗಾಳಿಯ ದಾರಿಯನ್ನು ಕಿರಿದುಮಾಡಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತಾರೆ. ಅದೇ ಚೋಕ್. ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಳಿಗಾಲದ ಬೆಳಗ್ಗೆ ನಮ್ಮ ತಂದೆಯವರು ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಚೋಕ್ ಎಳೆದು, ಏಳೆಂಟು ಬಾರಿ ಒದ್ದು, ಅದು ಬಿಳಿಯ ಹೊಗೆಯುಗುಳುತ್ತ ಎಚ್ಚರಗೊಂಡ ಮೇಲೆ ಸ್ವಲ್ಪ ಹೊತ್ತು ಕಾಯ್ದು ಹೊರಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಇಲ್ಲಿಯೂ ಅದೇ ತತ್ತ್ವ. ಚೋಕಿನ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಡೆದ ಅನಾಹುತಕ್ಕೆ ಇದೇ ಮೂಲ.

ನಾನು ಹೋದ ಮೊದಲನೆಯ ವಾರದಲ್ಲಿಯೇ ಒಂದು ರಾತ್ರಿ ಎಂಟು ಅಂಗುಲ ಹಿಮ ಬಿದ್ದಿತು. ಬೆಳಗ್ಗೆ ಭಾವನವರು ಗ್ಯಾರೇಜಿನ ದೊಡ್ಡ ಬಾಗಿಲೆತ್ತಿ, ಯಂತ್ರವನ್ನು ಕೈಯಿಂದಲೇ ಹೊರಕ್ಕೆ ತಳ್ಳಿಕೊಂಡು ಹೋಗಿ, ಹಿಮದಲ್ಲಿ ನಿಲ್ಲಿಸಿ, "ಬಾರಯ್ಯ, ಲೆಡ್ಜರ್ ಬಿಟ್ಟು ಇದನ್ನೂ ಸ್ವಲ್ಪ ಕಲಿ" ಎಂದರು. ಪೆಟ್ರೋಲಿನ ಕಿವಿಯನ್ನು ತಿರುಗಿಸಿದರು. ಚೋಕನ್ನು ಪೂರ್ತಿ ಹಾಕಿದರು. ವೇಗದ ಹಿಡಿಯ ಒಂದು ತುದಿಯಲ್ಲಿ ಮೊಲದ ಚಿತ್ರ, ಇನ್ನೊಂದು ತುದಿಯಲ್ಲಿ ಆಮೆಯ ಚಿತ್ರ. ಓದು ಬಾರದವನಿಗೂ ತಿಳಿಯುವ ಭಾಷೆ. ಹಿಡಿಯನ್ನು ಮೊಲದ ಕಡೆಗೆ ಸರಿಸಿ, ಪ್ರೈಮರ್ ಎಂಬ ರಬ್ಬರಿನ ಗುಂಡಿಯನ್ನು ಎರಡು ಬಾರಿ ಒತ್ತಿದರು. ಹೆಚ್ಚು ಒತ್ತಿದರೆ ಪೆಟ್ರೋಲು ತುಂಬಿ ಇಂಜಿನ್ ಕಟ್ಟಿಕೊಳ್ಳುತ್ತದೆಯಂತೆ. ಹಗ್ಗವನ್ನು ಮೊದಲು ಮೆಲ್ಲಗೆ, ಬಿಗಿ ಸಿಕ್ಕುವವರೆಗೆ, ಅನಂತರ ಒಂದೇ ದಮ್ಮಿಗೆ ಎಳೆದರು. ಮೂರನೆಯ ಸಲಕ್ಕೆ ಇಂಜಿನ್ ಎದ್ದಿತು.

ಎದ್ದ ಮೇಲೆ ವೇಗವನ್ನು ಆಮೆಯ ಕಡೆಗೆ ಇಳಿಸಿ, ಚೋಕನ್ನು ಒಮ್ಮೆಲೇ ತೆಗೆಯದೆ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ ಬಂದರು. ತೆಗೆದಾಗ ಇಂಜಿನ್ ಕೆಮ್ಮಿದರೆ ಮತ್ತೆ ಕೊಂಚ ಹಾಕುವರು. ಚೋಕ್ ಪೂರ್ತಿ ತೆಗೆದರೂ ಸದ್ದು ಒಂದೇ ಸಮನಾಗಿದ್ದರೆ ಇಂಜಿನ್ ಕಾದಿದೆಯೆಂದು ಅರ್ಥ. ಇದಕ್ಕೆ ಹಿಡಿದುದು ಮೂರರಿಂದ ಐದು ನಿಮಿಷ. ಅದಕ್ಕೂ ಹೆಚ್ಚು ಹೊತ್ತು ಸುಮ್ಮನೆ ಓಡಿಸುವುದರಿಂದ ಲಾಭವಿಲ್ಲ, ನಷ್ಟವೇ ಉಂಟು ಎಂದು ಅವರು ಹೇಳಿದುದನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಚೋಕ್ ಹಾಕಿಯೇ ಬಹಳ ಹೊತ್ತು ಓಡಿಸಿದರೆ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಣ ಎಣ್ಣೆಯನ್ನೇ ತೊಳೆದುಬಿಡುತ್ತದೆ, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಯಾವ ಸವೆತವನ್ನು ತಪ್ಪಿಸಲು ಕಾಯಿಸಲಾಯಿತೋ ಅದೇ ಸವೆತ ಹಿತ್ತಲ ಬಾಗಿಲಿನಿಂದ ಒಳಬಂದಂತಾಗುತ್ತದೆ.

ಇದರ ಜೊತೆಗೆ ಇನ್ನೊಂದು ಸ್ವಾರಸ್ಯವುಂಟು. ಇಂಜಿನ್ ಕಾಯಬೇಕು, ಯಂತ್ರದ ಮೈ ಮಾತ್ರ ತಣ್ಣಗಾಗಬೇಕು. ಗ್ಯಾರೇಜು ಹೊರಗಿಗಿಂತ ಬೆಚ್ಚಗಿರುವುದರಿಂದ ಆಗತಾನೇ ಹೊರಬಂದ ಯಂತ್ರದ ತಗಡು ಹಿಮವನ್ನು ಕರಗಿಸುತ್ತದೆ. ಕರಗಿದ ನೀರು ಮತ್ತೆ ಹೆಪ್ಪುಗಟ್ಟಿ ಸೊಂಡಿಲು ಕಟ್ಟಿಕೊಳ್ಳುತ್ತದೆ. ಆದುದರಿಂದ ಕೆಲಸಕ್ಕೆ ಮುಂಚೆ ಯಂತ್ರ ಹೊರಗಿನ ಚಳಿಗೆ ಹೊಂದಿಕೊಳ್ಳಲಿ ಎಂದು ಕೈಪಿಡಿಗಳು ಹೇಳುತ್ತವೆ. ಹೊರಗೆ ನಿಲ್ಲಿಸಿ ಕಾಯಿಸಿದರೆ ಎರಡು ಕೆಲಸಗಳೂ ಒಟ್ಟಿಗೆ ಆಗುತ್ತವೆ. ಕಾದ ಮೇಲೆ ವೇಗವನ್ನು ಪೂರ್ತಿ ಮೊಲಕ್ಕೆ ಏರಿಸಿಯೇ ಹಿಮಕ್ಕೆ ಇಳಿಯಬೇಕು. ಚಕ್ರ ಜೋರಾಗಿ ತಿರುಗಿದರೆ ಮಾತ್ರ ಹಿಮ ದೂರಕ್ಕೆ ಹಾರುತ್ತದೆ. ಕೆಲಸ ಮುಗಿದ ಮೇಲೆಯೂ ಕೆಲವು ನಿಮಿಷ ಅಲಗುಗಳನ್ನು ತಿರುಗಲು ಬಿಟ್ಟು ಅಂಟಿದ ಹಿಮವನ್ನು ಉದುರಿಸಬೇಕು, ಇಲ್ಲವಾದರೆ ಮರುದಿನ ಅವು ಮಂಜುಗಡ್ಡೆಯಾಗಿ ಬಿಗಿದುಕೊಂಡಿರುತ್ತವೆ. ಸೊಂಡಿಲು ಕಟ್ಟಿಕೊಂಡರೆ ಇಂಜಿನನ್ನು ನಿಲ್ಲಿಸಿದ ಮೇಲೆಯೂ ಕೈ ಹಾಕಕೂಡದು. ಸಿಕ್ಕಿಕೊಂಡ ಚಕ್ರದಲ್ಲಿ ಬಿಗಿತ ಉಳಿದಿದ್ದು, ಹಿಮ ಸಡಿಲವಾದ ಕ್ಷಣ ಅದು ತಟ್ಟನೆ ತಿರುಗಿ ಬೆರಳುಗಳನ್ನು ಕತ್ತರಿಸುತ್ತದೆ. ಅದಕ್ಕೆಂದೇ ಯಂತ್ರದ ಮೇಲೊಂದು ಕೋಲು ಇರುತ್ತದೆ.

ಎರಡನೆಯ ಬಾರಿ ಹಿಮ ಬಿದ್ದಾಗ ಭಾವನವರು ಕಚೇರಿಯ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಅಕ್ಕನಿಗೆ ಎರಡು ದಿನಗಳಿಂದ ನೆಗಡಿ, ಮೈಕೈ ನೋವು. ಮಹಡಿಯ ಮೇಲೆ, ಗ್ಯಾರೇಜಿಗೆ ನೇರ ಮೇಲಣ ಕೋಣೆಯಲ್ಲಿ ಮಲಗಿದ್ದಳು. ಹೊರಗೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಅವಳು ಏಳುವಷ್ಟರಲ್ಲಿ ದಾರಿಯನ್ನು ಚೊಕ್ಕಟಮಾಡಿ ಅಚ್ಚರಿಗೊಳಿಸೋಣವೆಂದು ನಾನು ಗ್ಯಾರೇಜಿಗೆ ಇಳಿದೆ. ಹಗ್ಗವನ್ನು ಎಳೆದೆಳೆದು ತೋಳು ಸೋತಿತೇ ಹೊರತು ಇಂಜಿನ್ ಏಳಲಿಲ್ಲ. ಯಂತ್ರಕ್ಕೆ ವಿದ್ಯುತ್ತಿನಿಂದ ಚಾಲೂ ಮಾಡುವ ಸೌಕರ್ಯವೂ ಇತ್ತು. ಆದರೆ ಪ್ಲಗ್ಗು ಸಿಗುವುದು ಗ್ಯಾರೇಜಿನ ಒಳಗೋಡೆಯಲ್ಲಿ, ವೈರು ಹೊರಗಿನವರೆಗೆ ತಲುಪುವಂತಿರಲಿಲ್ಲ. ಯಂತ್ರವನ್ನು ಗೋಡೆಯ ಬಳಿಗೇ ತಳ್ಳಿ, ಗುಂಡಿ ಒತ್ತಿದೆ. ಒಂದೇ ಏಟಿಗೆ ಎದ್ದಿತು.

ಇಲ್ಲಿಂದ ಮುಂದೆ ನಾನು ಮಾಡಿದುದೆಲ್ಲ ತಪ್ಪೇ. ಚಳಿ ನುಗ್ಗುವುದೆಂದು ದೊಡ್ಡ ಬಾಗಿಲನ್ನು ಒಂದಡಿಯಷ್ಟು ಮಾತ್ರ ಎತ್ತಿದೆ. ಚೋಕ್ ತೆಗೆದರೆ ಇಂಜಿನ್ ನಿಂತುಹೋದೀತೆಂಬ ಭಯದಿಂದ ಅದನ್ನು ಅರ್ಧಕ್ಕೇ ಬಿಟ್ಟೆ. ಚೆನ್ನಾಗಿ ಕಾದಷ್ಟೂ ಒಳ್ಳೆಯದೆಂದು ಎಣಿಸಿ, ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡೆ. ಇಂಜಿನಿನ ಸದ್ದು ಕೇಳುತ್ತಿರಲಿ ಎಂದು ಗ್ಯಾರೇಜಿಗೂ ಅಡುಗೆಮನೆಗೂ ನಡುವಣ ಬಾಗಿಲನ್ನು ಓರೆಯಾಗಿ ತೆರೆದಿಟ್ಟೆ. ಹೀಗೆ ಅರ್ಧ ಗಂಟೆಯ ಹತ್ತಿರ ಕಳೆದಿರಬೇಕು. ನನಗೆ ತಲೆ ಭಾರವಾಗತೊಡಗಿತು, ಪ್ರಯಾಣದ ನಿದ್ರೆಗೇಡು ಇನ್ನೂ ಹೋಗಿಲ್ಲವೆಂದುಕೊಂಡೆ. ಅಷ್ಟರಲ್ಲಿ ಮಹಡಿಯ ಮೇಲೆ ಕಿವಿಗಡಚಿಕ್ಕುವಂತೆ ಅಲಾರಂ ಕೂಗಿತು. ಹೊಗೆಯಿಲ್ಲ, ಬೆಂಕಿಯಿಲ್ಲ, ಬ್ಯಾಟರಿ ಕೆಟ್ಟಿರಬೇಕೆಂದು ಮೇಲೆ ಹೋಗಿ ನೋಡಿದರೆ ಅಕ್ಕ ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. "ತಲೆ ಸಿಡಿಯುತ್ತಿದೆ ಕಣೋ, ಕಾಲು ನಿಲ್ಲುತ್ತಿಲ್ಲ" ಎಂದಳು. ಜ್ವರ ಏರಿತೆಂದು ನಾನು ಅವಳನ್ನು ಮತ್ತೆ ಮಲಗಿಸಲು ಹೊರಟಿದ್ದೆ. ಆ ದೇಶದಲ್ಲಿ ಇಪ್ಪತ್ತು ಚಳಿಗಾಲ ಕಂಡ ಅವಳು ಅಲಾರಮ್ಮಿನ ಕೆಂಪು ದೀಪವನ್ನು ನೋಡಿ, ನನ್ನ ತೋಳು ಹಿಡಿದು, "ಇಂಜಿನ್ ಎಲ್ಲಿದೆ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹೊರಗೆ ನಡೆಸಿದಳು. ಮನೆಯುಡುಪಿನಲ್ಲಿ, ಚಪ್ಪಲಿಯಲ್ಲಿ ಹಿಮದ ಮೇಲೆ ನಿಂತು 911ಕ್ಕೆ ಕರೆ ಮಾಡಿದಳು.

ಅಗ್ನಿಶಾಮಕ ದಳದವರು ಕೆಲವೇ ನಿಮಿಷಗಳಲ್ಲಿ ಬಂದು, ಮುಖವಾಡ ತೊಟ್ಟು ಒಳಹೊಕ್ಕು, ಇಂಜಿನನ್ನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನೆಲ್ಲ ತೆರೆದರು. ಅಕ್ಕನನ್ನು ಆಸ್ಪತ್ರೆಗೆ ಒಯ್ದು ಕೆಲವು ಗಂಟೆಗಳ ಕಾಲ ಶುದ್ಧ ಆಮ್ಲಜನಕವನ್ನು ಕೊಟ್ಟರು. ಸಂಜೆಗೆ ಅವಳು ಮನೆಗೆ ಬಂದಳು. ರಾತ್ರಿ ಭಾವನವರೊಡನೆ ದೂರವಾಣಿಯಲ್ಲಿ ಮಾತನಾಡುವಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವರು ಹೇಳಿದ್ದಿಷ್ಟೆ: "ಮೊದಲ ದಿನ ನಾನು ಅದನ್ನು ಹೊರಕ್ಕೆ ತಳ್ಳಿದ ಮೇಲೆಯೇ ಹಗ್ಗ ಎಳೆದದ್ದನ್ನು ನೀನು ನೋಡಿದೆ. ಏಕೆಂದು ನಾನು ಹೇಳಲಿಲ್ಲ. ತಪ್ಪು ನನ್ನದು." ಆ ಏಕೆ ಎಂಬುದನ್ನು ಬರೆಯಲೆಂದೇ ಈ ಲೇಖನ.

ಪೆಟ್ರೋಲು ಸಾಕಷ್ಟು ಗಾಳಿಯೊಡನೆ ಚೆನ್ನಾಗಿ ಉರಿದರೆ ಅದರಲ್ಲಿನ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಚೋಕ್ ಮಾಡುವ ಕೆಲಸವಾದರೂ ಏನು? ಗಾಳಿಯನ್ನು ಕಡಿಮೆಮಾಡುವುದು. ಹೀಗಾಗಿ ಇಂಜಿನ್ ತಣ್ಣಗಿರುವ, ಚೋಕ್ ಹಾಕಿರುವ ಮೊದಲ ನಿಮಿಷಗಳಲ್ಲಿಯೇ ಈ ಅನಿಲ ಹೆಚ್ಚಾಗಿ ಹೊರಬರುತ್ತದೆ. ಕಾಯಿಸುವ ಹೊತ್ತೇ ಅತ್ಯಂತ ಅಪಾಯದ ಹೊತ್ತು ಎಂಬುದು ಇದರಿಂದ ಸ್ಪಷ್ಟ. ಇಂದಿನ ಪೆಟ್ರೋಲ್ ಕಾರುಗಳ ಹೊಗೆಕೊಳವೆಯಲ್ಲಿ ಈ ಅನಿಲವನ್ನು ಶುದ್ಧಿಮಾಡುವ ಸಾಧನವಿರುತ್ತದೆ. ಹಿಮ ತೂರುವಂಥ ಚಿಕ್ಕ ಇಂಜಿನುಗಳಲ್ಲಿ ಬಹುಪಾಲಿಗೆ ಅದೂ ಇಲ್ಲ. ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಪೆಟ್ರೋಲಿನ ವಾಸನೆ ಬಂದರೆ ಅದು ಬೇರೆ ಪದಾರ್ಥಗಳದ್ದು.

ಲೆಕ್ಕ ನನ್ನ ಕಸುಬಾದುದರಿಂದ ಅನಂತರ ಒಂದು ಸ್ಥೂಲ ಲೆಕ್ಕ ಹಾಕಿ ನೋಡಿದೆ. ಎರಡು ಕಾರು ಹಿಡಿಯುವ ಗ್ಯಾರೇಜು 20 ಅಡಿ ಉದ್ದ, 20 ಅಡಿ ಅಗಲ, 8 ಅಡಿ ಎತ್ತರವೆಂದರೆ 3200 ಘನ ಅಡಿ, ಅಂದರೆ ಸುಮಾರು 90,000 ಲೀಟರ್ ಗಾಳಿ. 200 ಘನ ಸೆಂಟಿಮೀಟರಿನ ಇಂಜಿನ್ ಆಮೆಯ ವೇಗದಲ್ಲಿ ನಿಮಿಷಕ್ಕೆ ಸುಮಾರು 60 ಲೀಟರ್ ಹೊಗೆ ಬಿಡುತ್ತದೆಂದೂ, ಅದರಲ್ಲಿ ಶೇಕಡಾ 5 ಭಾಗ ಈ ಅನಿಲವೆಂದೂ ಹಿಡಿಯೋಣ. ಚೋಕ್ ಹಾಕಿದ ಇಂಜಿನಿಗೆ ಇದು ಹೆಚ್ಚಿನ ಅಂದಾಜಲ್ಲ. ನಿಮಿಷಕ್ಕೆ 3 ಲೀಟರ್ ಆಯಿತು. ಮುಚ್ಚಿದ ಗ್ಯಾರೇಜಿನಲ್ಲಿ ಹತ್ತು ಲಕ್ಷ ಪಾಲು ಗಾಳಿಗೆ ನಿಮಿಷಕ್ಕೆ 33 ಪಾಲಿನಂತೆ ವಿಷ ಜಮೆಯಾಗುತ್ತದೆ. ಹತ್ತು ಲಕ್ಷ ರೂಪಾಯಿಗೆ 33 ರೂಪಾಯಿ ಎಂದರೆ ಯಾವ ಬ್ಯಾಂಕಿನವನೂ ತಲೆ ಕೆಡಿಸಿಕೊಳ್ಳುವ ಮೊತ್ತವಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ, ಮನೆಯೊಳಗಿನ ಗಾಳಿಯನ್ನು ಕುರಿತ ಸೂಚನೆಗಳ ಪ್ರಕಾರ ಒಂದು ಗಂಟೆಯ ಉಸಿರಾಟಕ್ಕೆ ಮಿತಿ ಸುಮಾರು 30 ಪಾಲು ಮಾತ್ರ. ಆ ಮಟ್ಟವನ್ನು ನಾನು ಮೊದಲ ನಿಮಿಷದಲ್ಲಿಯೇ ದಾಟಿದ್ದೆ. ಹತ್ತು ನಿಮಿಷಕ್ಕೆ ಮುನ್ನೂರನ್ನು ಮೀರುತ್ತದೆ. ಬಾಗಿಲು ಒಂದಡಿ ತೆರೆದಿತ್ತಲ್ಲ ಎನ್ನಬಹುದು. ಚಳಿಗಾಲದಲ್ಲಿ ಮನೆಯೊಳಗಿನ ಬಿಸಿಗಾಳಿ ಮೇಲೇರಿ ಮಹಡಿಯ ಸಂದುಗಳಿಂದ ಹೊರಹೋಗುತ್ತ, ಆ ಜಾಗಕ್ಕೆ ಕೆಳಗಿನ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಕೆಳಗಿನ ಗಾಳಿ ಇದ್ದುದು ಗ್ಯಾರೇಜಿನಲ್ಲಿ. ಮನೆಯೇ ಒಂದು ಹೊಗೆಗೂಡಾಗಿ, ನಾನು ತಯಾರಿಸಿದ ವಿಷವನ್ನು ಅಕ್ಕನ ಕೋಣೆಗೆ ಸಾಗಿಸಿತು.

ಈ ಅನಿಲ ಶರೀರದಲ್ಲಿ ಮಾಡುವ ಕೇಡನ್ನು ಫ್ರಾನ್ಸಿನ ವಿಜ್ಞಾನಿ ಕ್ಲೋದ್ ಬರ್ನಾರ್ 1857ರ ಸುಮಾರಿಗೇ ವಿವರಿಸಿದ್ದನು. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ತಲುಪಿಸುವುದು ರಕ್ತದ ಹಿಮೊಗ್ಲೋಬಿನ್. ಕಾರ್ಬನ್ ಮಾನಾಕ್ಸೈಡು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ರೈಲಿನಲ್ಲಿ ಸೀಟುಗಳೆಲ್ಲ ಬೇರೆಯವರ ವಶವಾಗಿ ಟಿಕೆಟ್ ಪಡೆದವನು ನಿಲ್ದಾಣದಲ್ಲಿಯೇ ಉಳಿದಂತೆ, ಗಾಳಿಯಲ್ಲಿ ಆಮ್ಲಜನಕವಿದ್ದೂ ಮೆದುಳಿಗೆ, ಹೃದಯಕ್ಕೆ ಅದು ಮುಟ್ಟುವುದಿಲ್ಲ. ಹೊರಗಿನ ಶುದ್ಧ ಗಾಳಿಗೆ ಬಂದ ಮೇಲೆಯೂ ಸೇರಿದ ವಿಷದಲ್ಲಿ ಅರ್ಧ ಇಳಿಯಲು ನಾಲ್ಕೈದು ಗಂಟೆಗಳು ಬೇಕು. ಮುಖವಾಡದ ಮೂಲಕ ಶುದ್ಧ ಆಮ್ಲಜನಕವನ್ನು ಕೊಟ್ಟರೆ ಒಂದು ಒಂದೂವರೆ ಗಂಟೆ ಸಾಕು. ಅಕ್ಕನಿಗೆ ಕೊಟ್ಟ ಚಿಕಿತ್ಸೆಯ ಅರ್ಥ ಇದು.

ಕೋವಿಡ್ ಕಾಲದಿಂದ ನಮ್ಮಲ್ಲಿ ಅನೇಕರ ಮನೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಉಂಟು. ಅದನ್ನು ಇಲ್ಲಿ ನಂಬಲೇಬಾರದು. ವಿಷ ಹಿಡಿದ ಹಿಮೊಗ್ಲೋಬಿನನ್ನೂ ಆಮ್ಲಜನಕ ಹೊತ್ತುದನ್ನೂ ಸಾಮಾನ್ಯ ಆಕ್ಸಿಮೀಟರ್ ಬೇರೆಮಾಡಿ ನೋಡಲಾರದು. ಅಕ್ಕನ ಬೆರಳಿನಲ್ಲಿ ಅದು 98 ತೋರಿಸುತ್ತಿತ್ತು. ವಿಷದ ಪ್ರಮಾಣ ತಿಳಿದುದು ರಕ್ತಪರೀಕ್ಷೆಯಿಂದ. ಲಕ್ಷಣಗಳೂ ದಾರಿತಪ್ಪಿಸುವಂಥವೇ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ಬಲವಿಲ್ಲದಿರುವುದು, ಮಂಕುತನ. ನೆಗಡಿ ಜ್ವರವೆಂದೇ ತೋರುತ್ತದೆ, ಆದರೆ ಮೈ ಸುಡುವುದಿಲ್ಲ. ಮನೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ತಲೆ ನೋಯುತ್ತಿದ್ದರೆ, ಹೊರಗೆ ಹೋದಾಗ ಹಗುರವಾಗಿ ಒಳಗೆ ಬಂದಾಗ ಮತ್ತೆ ಬಾಧಿಸಿದರೆ ಇದನ್ನೇ ಶಂಕಿಸಬೇಕು. ಅಕ್ಕನಿಗೆ ಮೊದಲೇ ನೆಗಡಿಯಿದ್ದುದರಿಂದ ಅಲಾರಂ ಇಲ್ಲದಿದ್ದಲ್ಲಿ ನಾನು ಅವಳಿಗೆ ಕಷಾಯ ಕುಡಿಸಿ, ಕಂಬಳಿ ಹೊದಿಸಿ, ಬಾಗಿಲು ಮುಚ್ಚಿ ಬರುತ್ತಿದ್ದೆ. ಇದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಶಂಕೆ ಬಂದ ಕೂಡಲೇ ಎಲ್ಲರೂ ಹೊರಗೆ ಬರಬೇಕು, ಹೊರಗಿನಿಂದಲೇ ಸಹಾಯಕ್ಕೆ ಕರೆಯಬೇಕು. ಕಿಟಕಿ ತೆರೆಯುತ್ತ, ಇಂಜಿನ್ ನಿಲ್ಲಿಸುತ್ತ ಒಳಗೆ ಉಳಿಯುವುದು ವಿವೇಕವಲ್ಲ. ಬಸುರಿಯರಿಗೆ, ಹಸುಳೆಗಳಿಗೆ, ಹೃದ್ರೋಗಿಗಳಿಗೆ ಈ ಅನಿಲ ಹೆಚ್ಚು ಹಾನಿಕರ. ಅಂಥವರು ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸದೆ ಬಿಡಬಾರದು.

ಮಿನೆಸೋಟದಲ್ಲಿ ಮನೆಯ ಪ್ರತಿಯೊಂದು ಮಲಗುವ ಕೋಣೆಯಿಂದ 10 ಅಡಿಗಳೊಳಗೆ ಈ ಅಲಾರಂ ಇರಬೇಕೆಂಬುದು ಕಾನೂನು. ಅಲ್ಲಿಗೆ ಹೋಗುವ ನಮ್ಮ ಹಿರಿಯರು ಮಕ್ಕಳ ಮನೆಯಲ್ಲಿ ಅದು ಎಲ್ಲಿದೆ, ಅದರ ಕೂಗು ಹೇಗಿರುತ್ತದೆ ಎಂಬುದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಯಂತ್ರವನ್ನು ಹೊರಕ್ಕೆ ತರುವುದಕ್ಕಷ್ಟೇ, ಅದೂ ಬಾಗಿಲನ್ನು ಪೂರ್ತಿ ತೆರೆದು, ಒಳಗೆ ಚಾಲೂ ಮಾಡಬಹುದೆಂದು ಕೈಪಿಡಿಗಳು ಹೇಳುತ್ತವೆ. ಭಾವನವರು ಅಷ್ಟನ್ನೂ ಒಪ್ಪುವುದಿಲ್ಲ. ನನ್ನ ಪ್ರಕರಣದ ಮರುದಿನವೇ ಅವರು ಹೊರಾಂಗಣಕ್ಕೆ ತಕ್ಕ ಉದ್ದನೆಯ ವೈರೊಂದನ್ನು ತಂದು ಗ್ಯಾರೇಜಿನ ಹೊಸ್ತಿಲಿನ ಪಕ್ಕದಲ್ಲಿ ಸುತ್ತಿಟ್ಟರು.

ನಮ್ಮ ದೆಹಲಿಯಲ್ಲಿ ಹಿಮವಿಲ್ಲದಿದ್ದರೂ ಈ ಅನಿಲವುಂಟು. ಮುಚ್ಚಿದ ಕೋಣೆಯಲ್ಲಿ ಅಂಗೀಠಿಯಲ್ಲಿ ಇದ್ದಿಲ ಕೆಂಡವಿಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದ ಸುದ್ದಿ ಜನವರಿಯ ಪತ್ರಿಕೆಗಳಲ್ಲಿ ಬಾರದ ವರ್ಷವಿಲ್ಲ. ಅವರಲ್ಲಿ ಕಾವಲುಗಾರರು, ಮನೆಗೆಲಸದವರು, ಊರಿಂದ ಕೂಲಿಗೆ ಬಂದವರೇ ಹೆಚ್ಚು. ನಮ್ಮ ಬಡಾವಣೆಗಳ ಕಾವಲುಗಾರರ ಗೂಡಿನಲ್ಲಿ ರಾತ್ರಿ ಏನು ಉರಿಯುತ್ತಿದೆಯೆಂದು ಒಮ್ಮೆ ಇಣುಕಿ ನೋಡಿದರೆ ನಷ್ಟವಿಲ್ಲ. ಕಿಟಕಿಯಿಲ್ಲದ ಬಚ್ಚಲುಮನೆಯೊಳಗೆ ಕೂಡಿಸಿದ ಗ್ಯಾಸ್ ಗೀಸರ್, ನೆಲಮಾಳಿಗೆಯಲ್ಲಿ ಓಡುವ ಜನರೇಟರ್, ಹಿಮದಲ್ಲಿ ಸಿಕ್ಕಿಕೊಂಡು ಹೊಗೆಕೊಳವೆ ಹೂತುಹೋದರೂ ಬೆಚ್ಚಗಿರಲೆಂದು ಇಂಜಿನ್ ಓಡಿಸುತ್ತ ಕುಳಿತ ಕಾರು, ಇವೆಲ್ಲ ಅದೇ ಜಾತಿಯವು. ರಜೆಯಲ್ಲಿ ಮನಾಲಿ, ಶಿಮ್ಲಾಗಳಿಗೆ ಕಾರಿನಲ್ಲಿ ಹೋಗುವ ತರುಣ ಸದಸ್ಯರು ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು.

ಹಿಂತಿರುಗುವಾಗ ಅಕ್ಕ ನನ್ನ ಪೆಟ್ಟಿಗೆಯಲ್ಲಿ ಚಾಕೊಲೇಟುಗಳ ನಡುವೆ ಒಂದು ಅಲಾರಮ್ಮನ್ನೂ ಇಟ್ಟಳು. ಅದೀಗ ನಮ್ಮ ಮನೆಯ ಗ್ಯಾಸ್ ಗೀಸರಿನ ಬಚ್ಚಲುಮನೆಗೂ ಮಕ್ಕಳು ಮಲಗುವ ಕೋಣೆಗೂ ನಡುವಣ ಗೋಡೆಯಲ್ಲಿದೆ. ಇಂಥವಕ್ಕೂ ಆಯುಷ್ಯದ ಮಿತಿಯುಂಟು, ಅದರ ಬೆನ್ನಿನ ಮೇಲೆ ಅಚ್ಚಾದ ತಾರೀಖನ್ನು ನಾನು ಠೇವಣಿಯ ಅವಧಿ ಬರೆದಿಡುವ ದಿನಚರಿಯಲ್ಲಿಯೇ ಬರೆದಿಟ್ಟಿದ್ದೇನೆ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಅಕ್ಕ ದೂರವಾಣಿ ಮಾಡುತ್ತಾಳೆ. ಮಕ್ಕಳ ಓದು, ಅಮ್ಮನ ಮಂಡಿನೋವು ಎಲ್ಲ ವಿಚಾರಿಸಿದ ಮೇಲೆ, "ಗುಂಡಿ ಒತ್ತಿ ನೋಡಿದೆಯೇನೋ?" ಎಂದು ಕೇಳುತ್ತಾಳೆ. ಒತ್ತಿದ್ದೇನೆಂದರೆ ನಂಬುವುದಿಲ್ಲ. ಅದು ಕೂಗುವ ಸದ್ದು ದೂರವಾಣಿಯಲ್ಲಿ ಅವಳಿಗೆ ಕೇಳಬೇಕು.